ಹಡಗು ಒಡೆಯುವವರ ಬೋಂಗ್ಯೋ ಅಕ್ಕ

ಉಕ್ಕಿನ ಹಗ್ಗ ಹರಿದರೆ ತಲೆ ಎತ್ತಿ ನೋಡುವಷ್ಟು ಹೊತ್ತೂ ಯಾರಿಗೂ ಸಿಗುವುದಿಲ್ಲ. ಆವತ್ತು ಹಡಗಿನ ಪಕ್ಕೆಯಿಂದ ಕತ್ತರಿಸಿದ ದೊಡ್ಡದೊಂದು ತಗಡನ್ನು ನಾನು ವಿಂಚ್ ಯಂತ್ರದಿಂದ ದಡಕ್ಕೆ ಎಳೆಯುತ್ತಿದ್ದೆ. ತಗಡು ಕೆಸರಿನಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. "ಎಳಿಯೋ, ಎಳಿ. ನಿನ್ ಕೈಗೇನು ಲಕ್ವ ಹೊಡ್ದಿದೆಯಾ?" ಎಂದು ಮೇಸ್ತ್ರಿ ತಿಯಾಮ್‌ಹೋಕ್ ಹಿಂದಿನಿಂದ ಕೂಗಿದ. ಎಳೆದೆ. ಹಗ್ಗ ಹರಿದು ಗಿರ್ರನೆ ಸುತ್ತಿಬಂದು ಆಸ್ಯೋಂಗ್ ಎಂಬ ಕೂಲಿಯವನ ಬಲಗಾಲನ್ನು ಮೊಣಕಾಲಿನ ಕೆಳಗೆ ತುಂಡು ಮಾಡಿತು. ಕಾಲು ಒಂದು ಕಡೆ, ಅವನು ಒಂದು ಕಡೆ. ಅವನಿಗಿನ್ನೂ ಗೊತ್ತಾಗಿರಲಿಲ್ಲ. ಎದ್ದು ನಿಲ್ಲಲು ಹೋಗಿ ಮುಗ್ಗರಿಸಿದ.

ನಾವೆಲ್ಲ ನಿಂತಲ್ಲೇ ಕಲ್ಲಾದೆವು. ಓಡಿ ಬಂದವಳು ಒಬ್ಬಳೇ ಹೆಂಗಸು. ಬುಟ್ಟಿಗಳಲ್ಲಿ ಕಬ್ಬಿಣದ ಚೂರು ಹೊರುತ್ತಿದ್ದ ಬೋಂಗ್ಯೋ. ಹೆಗಲ ಮೇಲಿನ ಅಡ್ಡೆಯನ್ನು ಅಲ್ಲೇ ಎಸೆದು, ಮುಖಕ್ಕೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ ಅವನ ತೊಡೆಗೆ ಬಿಗಿದಳು. ಗಂಟಿನೊಳಗೆ ಒಂದು ಸರಳು ತೂರಿಸಿ ತಿರುಚಿ ಹಿಡಿದು, ಅವನ ಸೊಂಟದ ಮೇಲೆ ಕೂತುಬಿಟ್ಟಳು. ಆಮೇಲೆ ನನ್ನ ಕಡೆ ನೋಡಿ, "ಆಖುನ್, ಯಂತ್ರ ನಿಲ್ಸು" ಎಂದಳು.

"ಯಾರೇ ನೀನು ನಿಲ್ಸು ಅನ್ನೋಕೆ?" ತಿಯಾಮ್‌ಹೋಕ್ ಬಂದ. ಅವನ ಕೈಯಲ್ಲಿ ಯಾವಾಗಲೂ ನೀರಲ್ಲಿ ನೆನೆಸಿದ ಹಗ್ಗದ ತುಂಡಿರುತ್ತಿತ್ತು. "ಇವತ್ತು ಈ ತಗಡು ದಡಕ್ಕೆ ಬರಲೇಬೇಕು. ಏಳೇ ಮೇಲೆ." ಅವಳು ಏಳಲಿಲ್ಲ. ಅವನು ಬೆನ್ನಿಗೆ ಬಾರಿಸಿದ. ಕತ್ತಿಗೆ ಬಾರಿಸಿದ. ಎಡಗಿವಿಯ ಮೇಲೆ ಬಿದ್ದ ಏಟಿಗೆ ಕಿವಿಯಿಂದ ರಕ್ತ ಇಳಿಯಿತು. ಆ ಕಿವಿ ಮುಂದೆಂದೂ ಸರಿಯಾಗಿ ಕೇಳಲಿಲ್ಲ. ಸರಳಿನ ಮೇಲಿದ್ದ ಅವಳ ಕೈ ಮಾತ್ರ ಸಡಿಲವಾಗಲಿಲ್ಲ.

ನಾನು ಯಂತ್ರ ನಿಲ್ಲಿಸಿದೆ.

ಆಸ್ಯೋಂಗ್ ಬದುಕಿಕೊಂಡ. "ನಿಂಗೆ ಹೆದರಿಕೆ ಆಗ್ಲಿಲ್ವಾ?" ಎಂದು ಒಮ್ಮೆ ಅವಳನ್ನು ಕೇಳಿದ್ದೆ. "ಆಯ್ತು" ಎಂದಳು. "ಕೈ ಬಿಟ್ರೆ ಅವ್ನು ಸಾಯ್ತಿದ್ದ. ಎರಡನ್ನೂ ಒಟ್ಟಿಗೆ ಯೋಚ್ನೆ ಮಾಡೋಕೆ ನಂಗೆ ಬರಲ್ಲ ಕಣಪ್ಪ."

ಕಾವ್‌ಶುಂಗ್ ಬಂದರಿನ ದಕ್ಷಿಣದ ಅಂಚಿನಲ್ಲಿ ಸಾಲುಸಾಲಾಗಿ ಹಡಗು ಒಡೆಯುವ ಕಟ್ಟೆಗಳಿದ್ದ ಕಾಲ ಅದು. ಯಾವ್ಯಾವುದೋ ಸಮುದ್ರದ ಮುದಿ ಹಡಗುಗಳೆಲ್ಲ ಸಾಯಲು ನಮ್ಮಲ್ಲಿಗೆ ಬರುತ್ತಿದ್ದವು. ಸಾಯುವಾಗ ನಮ್ಮವರಲ್ಲಿ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದವು. ಬೋಂಗ್ಯೋ ಪೆಂಗ್‌ಹು ದ್ವೀಪದ ಮೀನುಗಾರರ ಮನೆಯವಳು. ಅವಳ ಹೆಸರಿಗೆ ಅರ್ಥ, 'ಇರಲಿ, ಸಾಕಿಕೊಳ್ಳೋಣ' ಎಂದು. ಗಂಡು ಬೇಕೆಂದು ಕಾದು ಕೂತ ಮನೆಯಲ್ಲಿ ಮತ್ತೆ ಹೆಣ್ಣಾದರೆ ಇಡುವ ಹೆಸರು ಅದು. ಗಂಡನ ದೋಣಿ ಬಿರುಗಾಳಿಗೆ ಸಿಕ್ಕಿ ವಾಪಸು ಬರಲಿಲ್ಲ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ನಮ್ಮ ಕಟ್ಟೆಯಲ್ಲಿ ಕೂಲಿಗೆ ಸೇರಿದ್ದಳು. ಗಿಡ್ಡ ಆಳು, ಅಗಲ ಭುಜ, ಎಲೆ ಅಡಿಕೆಯಿಂದ ಕೆಂಪಾದ ಹಲ್ಲು.

ಆಸ್ಯೋಂಗನ ಕಾಲು ಹೋದ ಕೆಲವೇ ದಿನಗಳಲ್ಲಿ ತಿಯಾಮ್‌ಹೋಕ್ ಬಸುರಿ ಹೆಂಗಸೊಬ್ಬಳ ಮೇಲೆ ಹಗ್ಗ ಬೀಸಿದ. ಅದೇ ಕೊನೆಯಾಯಿತು. ಗಂಡಸರೆಲ್ಲ ಒಟ್ಟಾಗಿ ಅವನ ಮೇಲೆ ಬಿದ್ದರು. ಹಲ್ಲು ಉದುರಿಸಿದರು, ಪಕ್ಕೆಲುಬು ಮುರಿದರು, ಕಾಲು ಹಿಡಿದು ಕಟ್ಟೆಯ ಅಂಚಿಗೆ ದರದರನೆ ಎಳೆದುಕೊಂಡು ಹೋದರು. ಕೆಳಗೆ ನೀರಿನಲ್ಲಿ ಮುರಿದ ತಗಡಿನ ಚೂಪು ತುದಿಗಳು ನೆಟ್ಟಗೆ ನಿಂತಿದ್ದವು. ಬೋಂಗ್ಯೋ ಅಂಚಿನಲ್ಲಿ ಅಡ್ಡ ನಿಂತಳು.

"ಸರಿ ಅಕ್ಕ, ನೀನ್ ಆಚೆ ಹೋಗು. ಇವ್ನು ನಿಂಗೂ ಹೊಡ್ದಿದಾನೆ" ಎಂದು ಯಾರೋ ಅಂದರು.

"ಹೊಡ್ದಿದಾನೆ. ಅದಕ್ಕೆ ನಿಮ್ಮಲ್ಲಿ ಒಬ್ಬ ನೇಣಿಗೆ ಹೋಗ್ಬೇಕಾ? ಯಾರು ಅಂತ ಈಗ್ಲೇ ಹೇಳ್ಬಿಡಿ, ಅವ್ನ ಹೆಂಡ್ತಿಗೆ ತಿಳಿಸಿ ಬರ್ತೀನಿ."

ಅವನ ಕಾಲು ಹಿಡಿದಿದ್ದವರು ಕೈ ಬಿಟ್ಟರು. ತಿಯಾಮ್‌ಹೋಕ್ ತೆವಳಿಕೊಂಡೇ ಗೇಟು ದಾಟಿದ. ಹೋಗುವಾಗ ತಿರುಗಿ ನೋಡಿದ್ದು ತನ್ನನ್ನು ಬಡಿದವರನ್ನಲ್ಲ, ಉಳಿಸಿದವಳನ್ನು.

ಇದನ್ನೆಲ್ಲ ನಮ್ಮ ಯಜಮಾನ ಕಾನ್ ಆಫೀಸಿನ ಕಿಟಕಿಯಿಂದ ನೋಡಿದ್ದ. ಸಂಜೆ ಅವಳನ್ನು ಕರೆಸಿದ. "ನಿನ್ ಮಾತು ಕೇಳ್ತಾರೆ. ನಂಗೆ ಅಷ್ಟು ಸಾಕು. ನಾಳೆಯಿಂದ ನೀನೇ ಮೇಸ್ತ್ರಿ."

"ಎಣ್ಣೆ ಟ್ಯಾಂಕಿಗೆ ಜನ ಇಳಿಯೋದು ನಾನು ಹೇಳಿದ್ಮೇಲೆ. ನೀವು ಹೇಳಿದ್ಮೇಲೆ ಅಲ್ಲ" ಎಂದಳು.

"ಹೆಂಗಸು ಹೇಳೋವರೆಗೂ ನನ್ ಹಡಗು ಸುಮ್ನೆ ನಿಂತಿರ್ಬೇಕಾ?"

"ಹಂಗಾದ್ರೆ ಬೇರೆಯವರನ್ನ ನೋಡ್ಕೊಳಿ."

ಕಾನ್ ಗೊಣಗುತ್ತಲೇ ಒಪ್ಪಿದ.

ಅವಳ ಕೆಲಸದ ರೀತಿಯಲ್ಲಿ ಜಾದೂ ಏನೂ ಇರಲಿಲ್ಲ. ಟ್ಯಾಂಕಿನ ನೆತ್ತಿಯಲ್ಲಿ ಮೊದಲು ಕೈಯಿಂದ ಮುಚ್ಚಳ ಬಿಚ್ಚಿಸಿ, ಒಳಗೆ ಸಮುದ್ರದ ನೀರು ತುಂಬಿಸಿ, ಹೊರಹಾಕಿ, ಎಣ್ಣೆಯ ಆವಿ ಹೋಗುವವರೆಗೆ ಗಾಳಿಯಾಡಲು ಬಿಡುತ್ತಿದ್ದಳು. ಆಮೇಲೆ ಬುಟ್ಟಿಯಲ್ಲಿ ಒಂದು ಬಾತುಕೋಳಿ ಕೂರಿಸಿ ಇಳಿಬಿಡುತ್ತಿದ್ದಳು. ಅದು ಕೂಗುತ್ತಲೇ ಮೇಲೆ ಬಂದರೆ ತಾನು ಇಳಿಯುತ್ತಿದ್ದಳು. ತಾನು ಇಳಿದು ಮೂಸಿ, ಗೋಡೆ ತಟ್ಟಿ, ಮೂಲೆಮೂಲೆ ತಡವಿ ಬರುವವರೆಗೆ ಬೇರೆ ಯಾರೂ ಏಣಿಗೆ ಕಾಲಿಡುವಂತಿರಲಿಲ್ಲ. ಏನಾದರೂ ಗೊತ್ತಿಲ್ಲದಿದ್ದರೆ, "ನಂಗೊತ್ತಿಲ್ಲ, ಗೊತ್ತಿರೋರು ಹೇಳಿ" ಎಂದು ಎಲ್ಲರ ಮುಂದೆ ಕೇಳುತ್ತಿದ್ದಳು. ಮೇಸ್ತ್ರಿಯ ಬಾಯಲ್ಲಿ ಆ ಮಾತು ಕೇಳಿ ನಮಗೆ ಮೊದಮೊದಲು ನಗು ಬರುತ್ತಿತ್ತು. ಹೆಂಡತಿ ಜೊತೆ ಜಗಳ ಆಡಿ ಬಂದವನನ್ನು, ಹಿಂದಿನ ರಾತ್ರಿ ಕುಡಿದವನನ್ನು ಮುಖ ನೋಡಿಯೇ ಪತ್ತೆ ಹಚ್ಚಿ, "ನೀನ್ ಇವತ್ತು ಕೆಳಗೇ ಇರು, ಬೋಲ್ಟು ಆರಿಸು" ಎನ್ನುತ್ತಿದ್ದಳು. ಬೈಗುಳ ಮಾತ್ರ ಬಂದರಿನಲ್ಲೇ ಹೆಸರುವಾಸಿ. ಅವಳು ಬಾಯಿ ತೆಗೆದರೆ ಪಕ್ಕದ ಕಟ್ಟೆಯವರೂ ಕೆಲಸ ನಿಲ್ಲಿಸಿ ಕೇಳುತ್ತಿದ್ದರು.

ಅವಳು ಒಬ್ಬ ಆಳಿನ ಮೇಲೆ ಕೈ ಮಾಡಿದ್ದನ್ನು ನಾನು ನೋಡಿದ್ದು ಒಂದೇ ಸಲ.

ಕಿಮ್‌ಥೋ ನಮ್ಮಲ್ಲಿ ಎಲ್ಲರಿಗಿಂತ ಚುರುಕಾದ ಕತ್ತರಿಸುವವನು. ಗ್ಯಾಸ್ ಕಟ್ಟರ್ ಅವನ ಕೈಯಲ್ಲಿ ಕತ್ತರಿ ಬಟ್ಟೆಯ ಮೇಲೆ ಓಡಿದ ಹಾಗೆ ಓಡುತ್ತಿತ್ತು. ಹೊಸದಾಗಿ ಮದುವೆಯಾಗಿದ್ದ, ಒಂದಿಷ್ಟು ಜಂಬವೂ ಇತ್ತು. ಒಂದು ಬೆಳಗ್ಗೆ, ಅವಳಿನ್ನೂ ನೋಡಿರದ ಟ್ಯಾಂಕಿನೊಳಗೆ, "ಏನಾಗುತ್ತೆ ಮಹಾ" ಎಂದು ಕಟ್ಟರ್ ಎಳೆದುಕೊಂಡು ಇಳಿದುಬಿಟ್ಟ. ತಳದಲ್ಲಿ ಪಾದ ಮುಳುಗುವಷ್ಟು ಎಣ್ಣೆಯ ರಾಡಿ. ಬೋಂಗ್ಯೋ ಏಣಿಯಿಂದ ಜಾರಿಕೊಂಡೇ ಇಳಿದಳು. ಅವಳ ಹಿಂದೆ ನಾನು. ಅವನು ಆಗಲೇ ಕಿಡಿ ಹೊತ್ತಿಸಲು ಲೈಟರ್ ಎತ್ತಿ ಹಿಡಿದಿದ್ದ. ಕೂಗಿದ್ದರೆ ಬೆಚ್ಚಿ ಒತ್ತಿಬಿಡುತ್ತಿದ್ದನೋ ಏನೋ. ಅವಳು ಕೂಗಲಿಲ್ಲ. ಕೈಯಲ್ಲಿದ್ದ ಹಾರೆಯಿಂದ ಅವನ ಮಣಿಕಟ್ಟಿಗೆ ಬಲವಾಗಿ ಹೊಡೆದಳು. ಮೂಳೆ ಚರ್ಮ ಸೀಳಿ ಹೊರಗೆ ಬಂತು. ಲೈಟರ್ ರಾಡಿಯಲ್ಲಿ ಮುಳುಗಿತು. ಅವನ ಚೀರಾಟ ಆ ಕಬ್ಬಿಣದ ಗೋಡೆಗಳಿಗೆ ಬಡಿದು ಬಡಿದು ಬರುತ್ತಿತ್ತು. ಅವನನ್ನು ಹೆಗಲ ಮೇಲೆ ಹಾಕಿಕೊಂಡು ಮೇಲೆ ತಂದವಳೂ ಅವಳೇ.

ಕೈ ಸೊಟ್ಟಗೇ ಕೂಡಿಕೊಂಡಿತು. ಕಟ್ಟರ್ ಹಿಡಿಯಲು ಮತ್ತೆ ಬರಲಿಲ್ಲ. ಒಂದು ದಿನ ಕುಡಿದು, ಎಡಗೈಯಲ್ಲಿ ಮೀನು ಕೊಯ್ಯುವ ಚೂರಿ ಹಿಡಿದು ಕಿಮ್‌ಥೋ ಅವಳ ಮನೆಗೆ ಹೋದ. ತಡೆಯಲೆಂದು ನಾವು ಇಬ್ಬರು ಮೂವರು ಹಿಂದೆ ಓಡಿದೆವು. ಬೋಂಗ್ಯೋ ಮಗಳಿಗೆ ಗೆಣಸಿನ ಗಂಜಿ ಉಣಿಸುತ್ತಿದ್ದಳು.

"ಮಗು ಉಣ್ಲಿ. ಆಮೇಲೆ ಹೊರಗೆ ಬರ್ತೀನಿ" ಎಂದಳು.

ಅವನು ಹೊಸ್ತಿಲಲ್ಲಿ ನಿಂತು ಕಾದ. ಮಗು ಉಂಡಿತು. ಅವಳು ಬಾಯಿ ಒರೆಸಿ ಒಳಗೆ ಕಳಿಸಿ, ಹೊರಗೆ ಬಂದಳು. ನಾವು ಮುಂದೆ ಹೋಗಬೇಕು ಅನ್ನುವಷ್ಟರಲ್ಲಿ ಅವನು ಚೂರಿಯನ್ನು ಅವಳ ಭುಜಕ್ಕೆ ಹಾಕಿಬಿಟ್ಟ. ಅದು ಮೂಳೆಗೆ ತಾಗಿ ನಿಂತಿತು. ಅವಳು ಗೋಡೆಗೊರಗಿ ಹಲ್ಲು ಕಚ್ಚಿಕೊಂಡು ನಿಂತಳು. ನಮಗೆ ಕೈಯಲ್ಲೇ ಬೇಡ ಎಂದು ಸನ್ನೆ ಮಾಡಿದಳು.

"ಸಮಾಧಾನ ಆಯ್ತಾ?"

ಕಿಮ್‌ಥೋ ಅಳತೊಡಗಿದ. "ನನ್ ಕೈ ಹೋಯ್ತಲ್ಲಕ್ಕಾ. ನಾನಿನ್ನೇನ್ ಮಾಡ್ಲಿ?"

"ನಿಂಗೆ ಮೂಗಿದೆ, ಬಾಯಿದೆ. ಟ್ಯಾಂಕಿನ ಬಾಯಲ್ಲಿ ನಿಂತು ಜನ ಕಾಯೋಕೆ ಒಬ್ಬ ಬೇಕು ನಂಗೆ. ಒಂದ್ಸಲ ಸಾವಿನ ಬಾಯಿಗೆ ಹೋಗಿ ಬಂದೋನು ಚೆನ್ನಾಗಿ ಕಾಯ್ತಾನೆ." ಪೊಲೀಸರಿಗೆ ಅವಳು ದೂರು ಕೊಡಲಿಲ್ಲ. ಹೊಡೆದದ್ದು ತಪ್ಪಾಯಿತು ಎಂದೂ ಹೇಳಲಿಲ್ಲ. ಒಂದು ತಿಂಗಳು ಬಿಟ್ಟು ಕಿಮ್‌ಥೋ ಮುಖ ಗಂಟಿಕ್ಕಿಕೊಂಡೇ ಕೆಲಸಕ್ಕೆ ಬಂದ. ಆಮೇಲೆ ಅವನಷ್ಟು ಕಟ್ಟುನಿಟ್ಟಿನ ಕಾವಲುಗಾರ ಇನ್ನೊಬ್ಬನಿರಲಿಲ್ಲ. ಸಿಗರೇಟು ಜೇಬಿನಲ್ಲಿದ್ದರೂ ಸರಿ, ನನ್ನನ್ನೇ ಎಷ್ಟೋ ಸಲ ಹಡಗಿನಿಂದ ಇಳಿಸಿದ್ದಾನೆ.

ತಿಯಾಮ್‌ಹೋಕ್ ಅಷ್ಟರಲ್ಲಿ ಬಂದರಿನ ಒಬ್ಬ ಗುಜರಿ ವ್ಯಾಪಾರಿಯ ಪುಂಡರ ಜೊತೆ ಸೇರಿಕೊಂಡಿದ್ದ. ಕಟ್ಟೆಗಳಿಗೆ ನುಗ್ಗಿ ತಾಮ್ರ, ಹಿತ್ತಾಳೆ ಹೊತ್ತೊಯ್ಯುವುದು ಅವರ ಕಸುಬು. ಆ ಬೇಸಿಗೆಯಲ್ಲಿ ನಮ್ಮಲ್ಲಿಗೆ ದೊಡ್ಡದೊಂದು ಎಣ್ಣೆ ಹಡಗು ಬಂದಿತ್ತು. ಅದರ ತಳದ ಪಂಪಿನ ಕೋಣೆಯಲ್ಲಿ ಆಳೆತ್ತರದ ಹಿತ್ತಾಳೆ ವಾಲ್ವುಗಳಿದ್ದವು. ಕೋಣೆಯೊಳಗೆ ಎಣ್ಣೆಯ ಆವಿ ಇನ್ನೂ ಗಟ್ಟಿಯಾಗಿ ಕೂತಿತ್ತು. ಬೋಂಗ್ಯೋ ಬಾಗಿಲಿಗೆ ಸರಪಳಿ ಹಾಕಿಸಿದ್ದಳು.

ಒಂದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, ಪುಂಡರು ಲಾರಿಯಲ್ಲಿ ಬಂದು ಇಳಿದರು. ಕೈಯಲ್ಲಿ ಮಚ್ಚು, ಸೈಕಲ್ ಚೈನು. ಗೇಟಿನ ಕಾವಲುಗಾರ ಮೊದಲೇ ಓಡಿಹೋದ. ಕಾನ್ ಯಜಮಾನ ಆಫೀಸಿನ ಬಾಗಿಲು ಹಾಕಿಕೊಂಡ. ನಮ್ಮ ಗಂಡಸರು ಸರಳು, ಸುತ್ತಿಗೆ ಎತ್ತಿಕೊಂಡರು. ಬೋಂಗ್ಯೋ ಹಡಗಿನ ಮೇಲೆ, ಡೆಕ್ಕಿನ ಅಟ್ಟದಲ್ಲಿದ್ದಳು. ಅಲ್ಲಿಂದಲೇ ಕೂಗಿದಳು: "ಕೆಳಗಿಡ್ರೋ ಅದನ್ನ. ಹಿತ್ತಾಳೆ ಯಜಮಾನಂದು, ಕರುಳು ನಿಮ್ದು. ತಗೊಂಡೋಗ್ಲಿ."

ತಿಯಾಮ್‌ಹೋಕ್ ತನ್ನವರೊಂದಿಗೆ ಹಡಗು ಹತ್ತಿ ಬಂದ.

"ದಡದ ಮೇಲಿರೋದೆಲ್ಲ ತಗೊಂಡೋಗು" ಎಂದಳು. "ಪಂಪಿನ ಕೋಣೆಗೆ ಮಾತ್ರ ಇಳೀಬೇಡ. ಆವಿ ಇದೆ. ಕಿಡಿ ಬಿದ್ರೆ ಎಲ್ರೂ ಹೋಗ್ತೀವಿ."

"ಮೇಸ್ತ್ರಿ ಆಗಿದಿಯಲ್ಲ, ಈಗ ನಂಗೇ ಪಾಠ ಹೇಳ್ತೀಯಾ? ಒಳ್ಳೇ ಮಾಲು ಅಲ್ಲಿದೆ, ಅದಕ್ಕೇ ಬೀಗ."

"ಬೇರೆ ಏನಕ್ಕಾದ್ರೂ ಸುಳ್ಳು ಹೇಳ್ತಿದ್ನೇನೋ. ಇದಕ್ಕೆ ಹೇಳಲ್ಲ ತಿಯಾಮ್‌ಹೋಕ್."

ಅವನು ಮಚ್ಚು ಬೀಸಿದ. ಏಟು ಹಣೆಯಿಂದ ಕೆನ್ನೆಯವರೆಗೆ ಸೀಳಿತು. ಅವಳು ಕುಸಿದಳು, ರಕ್ತ ಎರಡೂ ಕಣ್ಣು ತುಂಬಿತು. ಅವನ ನಾಲ್ಕು ಜನ ಸರಪಳಿ ಒಡೆದು, ಗ್ಯಾಸ್ ಕಟ್ಟರ್ ಹೆಗಲಿಗೇರಿಸಿಕೊಂಡು ಕೆಳಗಿಳಿದರು.

ಅವಳು ಬಿದ್ದಲ್ಲಿಂದಲೇ ಕೂಗಿದಳು: "ಆಖುನ್, ಸೀಟಿ ಹಾಕು. ಎಲ್ರೂ ಇಳೀರಿ. ಎಲ್ರೂ." ನಾನು ವಿಂಚಿನ ಸೀಟಿ ಒತ್ತಿ ಹಿಡಿದೆ. ನಮ್ಮವರು ಏಣಿ, ಹಗ್ಗ, ಹಲಗೆ, ಸಿಕ್ಕಿದ್ದರ ಮೇಲೆ ಜಾರುತ್ತ ಇಳಿಯತೊಡಗಿದರು. ಅವಳು ಮಾತ್ರ ಪಂಪಿನ ಕೋಣೆಯ ಬಾಗಿಲ ಕಡೆ ಅಂಬೆಗಾಲಲ್ಲಿ ಹೊರಟಳು. ಕಣ್ಣು ಕಾಣದೆ ಎರಡು ಸಲ ಕಂಬಕ್ಕೆ ಡಿಕ್ಕಿ ಹೊಡೆದಳು. ಕಿಮ್‌ಥೋ ಅವಳ ರಟ್ಟೆ ಹಿಡಿದ. ನಾನು ಆಗಷ್ಟೇ ಅವಳನ್ನು ಹೊತ್ತೊಯ್ಯಲು ಅಟ್ಟ ಹತ್ತಿ ಬಂದಿದ್ದೆ. ಅವರ ಮಾತು ನಾನೇ ಕೇಳಿದೆ.

"ಅಕ್ಕಾ, ನಿಂಗೆ ಬಾಗಿಲೇ ಕಾಣ್ತಿಲ್ಲ. ಅವರಲ್ಲಿ ಇಬ್ರು ನಮ್ಮ ಬೀದಿಯೋರೇ, ನನ್ ಮಾತು ಕೇಳ್ತಾರೆ. ನಾನ್ ಹೋಗ್ಲಾ?"

ಅವಳು ರಕ್ತ ಒರೆಸಿಕೊಂಡು ಅವನ ಮುಖ ಹುಡುಕಿದಳು.

"ಹೋಗು" ಎಂದಳು. "ಮೆಟ್ಟಿಲ ತಲೆಯಿಂದ್ಲೇ ಕೂಗು. ಇಳೀಬೇಡ."

ಅವನು ಇಳಿದ. ಇಬ್ಬರನ್ನು ಕಾಲರ್ ಹಿಡಿದು ಎಳೆದುಕೊಂಡೇ ಮೇಲೆ ತಂದ. ಆ ಇಬ್ಬರು ಆಮೇಲೆ ಹೇಳಿದ್ದು: ಉಳಿದವರು ಅವನ ಮಾತಿಗೆ ನಕ್ಕರಂತೆ. ಅವರನ್ನೂ ತರುತ್ತೇನೆಂದು ಮತ್ತೆ ಇಳಿದನಂತೆ. ನಾನು ಬೋಂಗ್ಯೋಳನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಲುಪಿದ್ದೆ, ಅಷ್ಟೆ. ಹಡಗಿನ ಹೊಟ್ಟೆ ಉಬ್ಬಿತು. ಅಟ್ಟದ ತಗಡು ಕಾಗದದ ಹಾಗೆ ಮೇಲೆದ್ದು ಮಡಚಿಕೊಂಡಿತು. ಬೆಂಕಿ ಹೊರಬಂದದ್ದು ನೆಟ್ಟಗೆ, ಕಂಬದ ಹಾಗೆ. ಕಬ್ಬಿಣದ ಚೂರುಗಳು ಬಹಳ ಹೊತ್ತು ನೀರಿಗೆ ಬೀಳುತ್ತಲೇ ಇದ್ದವು.

ಮೇಲೆ ಅಟ್ಟದಲ್ಲಿದ್ದ ತಿಯಾಮ್‌ಹೋಕ್ ಸಮುದ್ರಕ್ಕೆ ಎಸೆಯಲ್ಪಟ್ಟಿದ್ದ. ಮೈಯ ಚರ್ಮ ಸುಲಿದು ನೇತಾಡುತ್ತಿತ್ತು, ಉಸಿರಿತ್ತು. ನಮ್ಮವರಲ್ಲಿ ಒಬ್ಬ ಉದ್ದನೆಯ ಕೊಕ್ಕೆಗೋಲು ಹಿಡಿದು ಅವನ ತಲೆಯನ್ನು ನೀರೊಳಗೆ ಅದುಮಿದ. ಇನ್ನೊಬ್ಬ ಕಟ್ಟೆಯ ಅಂಚು ಹಿಡಿದಿದ್ದ ಅವನ ಬೆರಳುಗಳನ್ನು ಸುತ್ತಿಗೆಯಿಂದ ಜಜ್ಜಿದ.

"ಮೇಲಕ್ಕೆಳೀರಿ" ಎಂದಳು ಬೋಂಗ್ಯೋ. ಕಣ್ಣು ಮುಚ್ಚಿಯೇ ಇತ್ತು.

"ಅಕ್ಕಾ, ಕಿಮ್‌ಥೋ ಹೊರಗ್ ಬಂದಿಲ್ಲ."

"ಗೊತ್ತು. ಮೇಲಕ್ಕೆಳೀರಿ."

ಎಳೆದರು. ಅವನು ಬದುಕಿ, ಜೈಲಿಗೆ ಹೋದ.

ಪೊಲೀಸರು ಬರುವ ಮೊದಲೇ ಕಾನ್ ಯಜಮಾನ ಆಸ್ಪತ್ರೆಗೆ ಬಂದ. ಅವಳ ಮುಖಕ್ಕೆ ಆಗಷ್ಟೇ ಹೊಲಿಗೆ ಹಾಕಿದ್ದರು. ಹಾಸಿಗೆಯ ಹತ್ತಿರ ಕುರ್ಚಿ ಎಳೆದುಕೊಂಡು, "ನೋಡಮ್ಮ, ಕಿಮ್‌ಥೋ ತಾನಾಗೇ ಹೋದ ಅಂತ ಹೇಳು" ಎಂದ. "ನೀನು ಬೇಡ ಅಂದೆ, ಅವ್ನು ಕೇಳ್ಲಿಲ್ಲ. ನಿಂಗೂ ತೊಂದ್ರೆ ಇಲ್ಲ, ನಂಗೂ ಇಲ್ಲ. ಸತ್ತವನಿಗಂತೂ ಏನೂ ಇಲ್ಲ."

"ಕಳಿಸಿದ್ದು ನಾನು" ಎಂದಳು ಬೋಂಗ್ಯೋ.

ಪೊಲೀಸರಿಗೂ ಅದನ್ನೇ ಹೇಳಿದಳು. ಅವರು ಅವಳನ್ನು ಕೆಲವು ದಿನ ಠಾಣೆಯಲ್ಲಿಟ್ಟುಕೊಂಡು ಬಿಟ್ಟರು.

ಹೊರಬಂದವಳು ಸೀದಾ ಹೋದದ್ದು ಕಿಮ್‌ಥೋನ ಮನೆಗೆ. ನಾವೂ ಜೊತೆಗೆ ಹೋದೆವು. ಬೀದಿಗೆ ಅಡ್ಡವಾಗಿ ಸಾವಿನ ಚಪ್ಪರ ಹಾಕಿದ್ದರು. ಅವನ ಹೆಂಡತಿ ಗ್ವೇಹಾ ಸೂತಕದ ಸೆಣಬಿನ ಬಟ್ಟೆ ತೊಟ್ಟು, ಶವವಿಲ್ಲದ ಪೆಟ್ಟಿಗೆಯ ಮುಂದೆ, ಸತ್ತವನಿಗೆ ತಲುಪಲೆಂದು ಕಾಗದದ ಹಣ ಸುಡುತ್ತ ಕೂತಿದ್ದಳು. ಬೋಂಗ್ಯೋ ದಾರಿಯಲ್ಲೇ ನಮಗೆ ಹೇಳಿದ್ದಳು, ಅಲ್ಲಿ ಏನೇ ಆದರೂ ಯಾರೂ ಕೈ ಎತ್ತಬಾರದು, ಅಡ್ಡ ಬರಬಾರದು ಎಂದು.

"ಅವ್ನು ತಾನಾಗೇ ಹೋದ ಅಂತ ಯಜಮಾನ್ರು ಹೇಳ್ಕಳ್ಸಿದ್ರು" ಎಂದಳು ಗ್ವೇಹಾ, ತಲೆ ಎತ್ತದೆ.

"ಅಲ್ಲ. ಹೋಗ್ಲಾ ಅಂತ ಕೇಳ್ದ. ನಾನು ಹೋಗು ಅಂದೆ. ಬೇಡ ಅಂದಿದ್ರೆ ಹೋಗ್ತಿರ್ಲಿಲ್ಲ."

ಗ್ವೇಹಾ ಎದ್ದಳು. ಗೋಡೆಗೆ ಒರಗಿಸಿದ್ದ ಬಿದಿರಿನ ಅಡ್ಡೆ ತೆಗೆದುಕೊಂಡಳು. "ಅವತ್ತು ಕೈ ಮುರ್ದೆ" ಎಂದು ಹೊಡೆದಳು. "ಇವತ್ತು ಪ್ರಾಣನೇ ತೆಗ್ದೆ" ಎಂದು ಹೊಡೆದಳು. ಮೊದಲ ಏಟಿಗೇ ಬೋಂಗ್ಯೋಳ ಮುಖದ ಹೊಲಿಗೆ ಬಿಚ್ಚಿತು. ಅವಳು ಮಂಡಿಯೂರಿದಳು. ತಲೆಯನ್ನು ಕೈಯಿಂದ ಮುಚ್ಚಿಕೊಳ್ಳಲೂ ಇಲ್ಲ. ಬಿದಿರು ಸೀಳಿ ಎರಡಾಯಿತು. ಗ್ವೇಹಾ ಸೀಳಿದ ತುಂಡಿನಿಂದಲೇ ಹೊಡೆದಳು, ತೋಳು ಸೋತು ತಾನೇ ನೆಲಕ್ಕೆ ಕೂರುವವರೆಗೆ. ನಾವು ಮುಷ್ಟಿ ಬಿಗಿಹಿಡಿದು ನಿಂತೆವು. ನನ್ನ ಪಕ್ಕದಲ್ಲಿದ್ದವನು ಗೊಳೋ ಎಂದು ಅತ್ತುಬಿಟ್ಟ. ಆಮೇಲೆ ಬೋಂಗ್ಯೋ ಮೆಲ್ಲಗೆ ಎದ್ದು, ಅಗರಬತ್ತಿ ಹಚ್ಚಿ, ಕಿಮ್‌ಥೋನ ಪಟದ ಮುಂದೆ ನೆಟ್ಟು, ಬಂದ ದಾರಿಯಲ್ಲೇ ಹೋದಳು.

ಕಾನ್ ಅವಳನ್ನು ಕೆಲಸದಿಂದ ತೆಗೆದ. ಹೊಸ ಮೇಸ್ತ್ರಿ ಬಂದ, ಓದಿದವನು, ಕೆಟ್ಟವನಲ್ಲ. ಮೊದಲ ದಿನವೇ ಪಕ್ಕದ ಹಡಗಿನ ಟ್ಯಾಂಕು ತೋರಿಸಿ ಇಳಿಯಿರಿ ಎಂದ. ನಾವು ಮೊದಲೇ ಏನೂ ಮಾತಾಡಿಕೊಂಡಿರಲಿಲ್ಲ. ಆದರೂ ಯಾರೂ ಅಲುಗಲಿಲ್ಲ.

"ಯಾಕ್ರಪ್ಪ, ಏನ್ ಕಾಯ್ತಿದೀರಾ?" ಎಂದು ಕೇಳಿದ.

"ಮೇಸ್ತ್ರಿ ಮೊದ್ಲು ಇಳೀಲಿ ಅಂತ" ಎಂದೆ ನಾನು.

ಅವನು ಬಗ್ಗಿ ಆ ಕಪ್ಪು ಬಾಯಿಯನ್ನು ನೋಡಿದ. ಟೋಪಿ ತೆಗೆದು ಬೆವರು ಒರೆಸಿಕೊಂಡ. ಇಳಿಯಲಿಲ್ಲ. ಸಂಜೆಯವರೆಗೂ ನಾವು ಹಾಗೇ ಕೂತಿದ್ದೆವು. ಮಾರನೆಯ ದಿನವೂ ಕೂತೆವು. ಕಾನ್ ಯಜಮಾನ ರೌಡಿಗಳನ್ನು ಕರೆಸುತ್ತೇನೆ ಎಂದು ಹೆದರಿಸಿದ, ಇಬ್ಬರ ಕೆನ್ನೆಗೂ ಬಾರಿಸಿದ. ಕೊನೆಗೆ ಅವನೇ ಹಂದಿಕಾಲಿನ ಶಾವಿಗೆಯ ಪಾತ್ರೆ ಹಿಡಿದುಕೊಂಡು ಬೋಂಗ್ಯೋಳ ಮನೆ ಬಾಗಿಲಿಗೆ ಹೋದ. ಕೆಟ್ಟ ಗಳಿಗೆ ದಾಟಿ ಬಂದವರಿಗೆ ನಮ್ಮಲ್ಲಿ ತಿನ್ನಿಸುವುದು ಅದನ್ನೇ. ಅವಳು ಶಾವಿಗೆ ತಿಂದಳು, ಸಾರು ಕುಡಿದಳು. ಆಮೇಲೆ, "ನನ್ ಮಾತು ಹಳೇದೇ. ಇಳಿಯೋದು ನಾನ್ ಹೇಳಿದ್ಮೇಲೆ" ಎಂದಳು.

ಮರಳಿ ಬಂದ ಬೋಂಗ್ಯೋ ಮೊದಲಿನವಳೇ, ಒಂದು ವಿಷಯ ಬಿಟ್ಟು. ಯಾರನ್ನಾದರೂ ಅಪಾಯದ ಕಡೆ ಕಳಿಸಬೇಕಾದಾಗ ಅವಳ ಬಾಯಿ ತೆರೆದು ಮುಚ್ಚಿಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಅವಳ ಮುಖ ನೋಡಲಾಗುತ್ತಿರಲಿಲ್ಲ. ಆದರೂ ಕಳಿಸುವಾಗ ಕಳಿಸಿದಳು. ಅದೂ ಮೇಸ್ತ್ರಿಯ ಕೆಲಸವೇ.

ಚಳಿಗಾಲದಲ್ಲಿ ಒಂದು ಬೆಳಗ್ಗೆ ಗ್ವೇಹಾ ಗೇಟಿನ ಬಳಿ ನಿಂತಿದ್ದಳು. ಮತ್ತೆ ಜಗಳಕ್ಕೆ ಬಂದಳೆಂದು ನಾವು ಕೆಲಸ ನಿಲ್ಲಿಸಿದೆವು.

"ನಿನ್ ಮುಖ ಕಂಡ್ರೆ ನಂಗಾಗಲ್ಲ" ಎಂದಳು ಬೋಂಗ್ಯೋಗೆ.

"ಗೊತ್ತು."

"ಆ ಕಡೆ ಕಟ್ಟೆಲಿ ಕೂಲಿ ಜಾಸ್ತಿ ಕೊಡ್ತಾರಂತೆ."

"ಹೌದು, ಕೊಡ್ತಾರೆ."

"ಹೋದ ತಿಂಗ್ಳು ಅಲ್ಲಿ ಇಬ್ರು ಹೆಂಗಸ್ರು ಸತ್ರು. ಮೇಸ್ತ್ರಿ ತಪ್ಪನ್ನ ಯಾರ್ ಮೇಲೋ ಹಾಕ್ದ." ಗ್ವೇಹಾ ನೆಲ ನೋಡಿದಳು. "ನಂಗೊಂದು ಮಗು ಇದೆ. ಸಂಜೆ ಮನೆಗೆ ಹೋಗ್ಬೇಕು ನಾನು."

ಬೋಂಗ್ಯೋ ಅವಳ ಕಾಲು ನೋಡಿದಳು. "ಆ ಚಪ್ಪಲಿ ಹಾಕ್ಕೊಂಡು ಹಡಗು ಹತ್ತೋಕೆ ಬಿಡಲ್ಲ. ಬೂಟು ಹಾಕ್ಕೊಂಡ್ ಬಾ."

ಮಾರನೆಯ ದಿನ ಗ್ವೇಹಾ ಗಂಡನ ಬೂಟುಗಳೊಳಗೆ ಬಟ್ಟೆ ತುರುಕಿ, ಹಾಕಿಕೊಂಡು ಬಂದಳು. ಕಟ್ಟೆಗಳು ಮುಚ್ಚುವವರೆಗೂ ನಮ್ಮ ಜೊತೆಗೇ ದುಡಿದಳು. ಎಲ್ಲರೂ ಬೋಂಗ್ಯೋಳನ್ನು ಅಕ್ಕ ಎಂದರೆ, ಅವಳು ಮಾತ್ರ ಮೇಸ್ತ್ರಿ ಎನ್ನುತ್ತಿದ್ದಳು. ಮಧ್ಯಾಹ್ನ ಅವಳಿಗೆ ಬೆನ್ನು ಮಾಡಿಯೇ ಊಟಕ್ಕೆ ಕೂರುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ನಾನು ಕೇಳಿದೆ: "ಈಗ್ಲಾದ್ರೂ ಕ್ಷಮಿಸಿದ್ಯೇನಮ್ಮ ಅವಳನ್ನ?"

"ಇಲ್ಲ" ಎಂದಳು ಗ್ವೇಹಾ. "ಯಾಕ್ ಕ್ಷಮಿಸ್ಬೇಕು? ಅವ್ಳು ಕೇಳೂ ಇಲ್ಲ."

ಅಷ್ಟರಲ್ಲಿ ಟ್ಯಾಂಕಿನೊಳಗಿಂದ ಬೋಂಗ್ಯೋ, ಸರಿಯಾಗಿದೆ, ಬನ್ನಿ ಎಂದು ಕೂಗಿದಳು. ಗ್ವೇಹಾ ಮುಖದ ಬಟ್ಟೆ ಬಿಗಿದುಕೊಂಡು, ಎಲ್ಲರಿಗಿಂತ ಮೊದಲು ಏಣಿ ಇಳಿದಳು.